ತೊಗಲಿನ ಜರೆ, ಮಿದುಳಿನ ನಕ್ಷೆ

ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯ ಊರುಗಳಲ್ಲಿ, ತಿಮ್ಮಪ್ಪಸ್ವಾಮಿಯ ಬೆಟ್ಟದ ಆಸುಪಾಸಿನ ಹೊಲಗಳಲ್ಲಿ, ರಾಗಿಯೂ ಮಾವೂ ಎಷ್ಟು ಸಹಜವೋ ಹಿಪ್ಪುನೇರಳೆಯೂ ಅಷ್ಟೇ ಸಹಜವಾದ ಬೆಳೆ. ಆ ಸೊಪ್ಪನ್ನು ತಿಂದು ಬೆಳೆಯುವ ರೇಷ್ಮೆಹುಳುವನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿರುವ ಅಲ್ಲಿಯ ಒಕ್ಕಲು ಮನೆಗಳವರಿಗೆ, ಹುಳು ತನ್ನ ಅಲ್ಪಾಯುಷ್ಯದಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆಂಬುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಜ್ವರಕ್ಕೆ ಕೂತ ಹುಳು ಮೇವನ್ನು ಬಿಟ್ಟು, ತಲೆಯನ್ನೆತ್ತಿ, ಸುಮಾರು ಒಂದು ಹಗಲು ಒಂದು ಇರುಳು ನಿಶ್ಚಲವಾಗಿರುತ್ತದೆ. ಆ ಹೊತ್ತಿನಲ್ಲಿ ತಟ್ಟೆಯನ್ನು ಅಲುಗಿಸಬಾರದು, ಸೊಪ್ಪು ಹಾಕಬಾರದು, ಮನೆಯೊಳಗಿನ ಗಾಳಿ ಶಾಖಗಳು ಏರುಪೇರಾಗದಂತೆ ನೋಡಿಕೊಳ್ಳಬೇಕು. ತರುವಾಯ ಹಳೆಯ ತೊಗಲು ಬಿರಿದು ಹಿಂದಕ್ಕೆ ಸರಿದು, ಇನ್ನೂ ಸಡಿಲವಾಗಿ ಬೆಳವಣಿಗೆಗೆ ಎಡೆಗೊಡುವ ಹೊಸ ತೊಗಲಿನೊಡನೆ ಹುಳು ಹೊರಬರುತ್ತದೆ. ಸುಮಾರು 25 ದಿನಗಳಲ್ಲಿ ತನ್ನ ತೂಕವನ್ನು 10,000 ಪಟ್ಟು ಹೆಚ್ಚಿಸಿಕೊಳ್ಳುವ ಪ್ರಾಣಿಗೆ, ಹುಟ್ಟುವಾಗ ತೊಟ್ಟ ತೊಗಲು ಕೊನೆಯ ಪರ್ಯಂತ ಸಾಲುವುದೆಂತು?

ಈ ತೊಗಲು ಕಳಚುವ ಆಜ್ಞೆ ದೇಹದಲ್ಲಿ ಎಲ್ಲಿಂದ ಹೊರಡುತ್ತದೆಂಬ ಪ್ರಶ್ನೆಗೆ ಉತ್ತರದ ದಾರಿಯನ್ನು ತೋರಿಸಿದವನು ಪೋಲೆಂಡಿನ ಸ್ಟೆಫಾನ್ ಕೊಪೆಚ್ ಎಂಬ ವಿಜ್ಞಾನಿ. ಜಿಪ್ಸಿ ಪತಂಗದ ಕಂಬಳಿಹುಳುಗಳ ಮಿದುಳನ್ನು ಬೇರೆ ಬೇರೆ ಹೊತ್ತಿನಲ್ಲಿ ಶಸ್ತ್ರದಿಂದ ತೆಗೆದು ನೋಡಿ, ಒಂದು ಗೊತ್ತಾದ ಗಳಿಗೆಗೆ ಮುಂಚೆ ಮಿದುಳನ್ನು ಕಳೆದುಕೊಂಡ ಹುಳು ಬದುಕುಳಿದರೂ ರೂಪಾಂತರವನ್ನು ಹೊಂದದೆಂದೂ, ಆ ಗಳಿಗೆ ಕಳೆದಮೇಲೆ ಮಿದುಳನ್ನು ತೆಗೆದರೆ ರೂಪಾಂತರವು ನಿಲ್ಲದೆಂದೂ ಆತ 1922ರಲ್ಲಿ ವಿವರವಾಗಿ ಪ್ರಕಟಿಸಿದ. ಮಿದುಳಿನಿಂದ ಯಾವುದೋ ದ್ರವ್ಯವು ಆ ಗಳಿಗೆಯಲ್ಲಿ ರಕ್ತಕ್ಕೆ ಇಳಿದಿರಬೇಕೆಂಬುದೊಂದೇ ಅದರಿಂದ ಹೊರಡಬಹುದಾದ ತೀರ್ಮಾನ. ಮಿದುಳು ನರಗಳ ಮೂಲಕವಲ್ಲದೆ ರಸಗಳ ಮೂಲಕವೂ ದೇಹವನ್ನು ಆಳುತ್ತದೆಂಬ ತಿಳಿವಿಗೆ ಇದು ಮೊದಲ ಮೆಟ್ಟಿಲಾಯಿತು. ಮುಂದೆ 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬಿಬ್ಬರು ಸುಮಾರು 500 ಕಿಲೋಗ್ರಾಂ ರೇಷ್ಮೆ ಪ್ಯೂಪಗಳನ್ನು ಅರೆದು ಸೋಸಿ ಬರಿಯ 25 ಮಿಲಿಗ್ರಾಂನಷ್ಟು ಹರಳುಗಳನ್ನು ಪಡೆದರು. ತೊಗಲು ಕಳಚಿಸುವ ಎಕ್ಡೈಸೋನ್ ಎಂಬ ಹಾರ್ಮೋನು ಅದೇ. ಮಿದುಳು ಒಂದು ರಸವನ್ನು ಬಿಟ್ಟು ಎದೆಭಾಗದ ಗ್ರಂಥಿಯನ್ನು ಎಚ್ಚರಿಸುತ್ತದೆ, ಆ ಗ್ರಂಥಿ ಎಕ್ಡೈಸೋನನ್ನು ಸುರಿಸುತ್ತದೆ, ತೊಗಲು ಅದರ ಮಾತನ್ನು ಕೇಳುತ್ತದೆ. ಇದರ ಜೊತೆಗೆ ಮಿದುಳಿನ ಹಿಂಬದಿಯ ಪುಟ್ಟ ಗ್ರಂಥಿಗಳೆರಡು ಬಾಲ್ಯರಸವೊಂದನ್ನು ಸೂಸುತ್ತಿರುವಷ್ಟು ಕಾಲ ಹುಳು ಎಷ್ಟು ಸಲ ತೊಗಲು ಬಿಟ್ಟರೂ ಹುಳುವಾಗಿಯೇ ಉಳಿಯುತ್ತದೆ. ಆ ರಸ ಬತ್ತಿದಾಗ ಮಾತ್ರ ಹಣ್ಣಾಗಿ ಗೂಡು ಕಟ್ಟುತ್ತದೆ. ಐದನೆಯ ಹಂತದ ಹುಳುವಿಗೆ ಬಾಲ್ಯರಸವನ್ನು ಹೋಲುವ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಸಿಂಪಡಿಸಿ ಮೇಯುವ ಕಾಲವನ್ನು ಕೊಂಚ ಹಿಗ್ಗಿಸುವ ಪದ್ಧತಿಯೂ, ಎಕ್ಡೈಸೋನ್ ಜಾತಿಯ ಸಸ್ಯಜನ್ಯ ದ್ರವ್ಯವನ್ನು ಸೊಪ್ಪಿನೊಡನೆ ತಿನ್ನಿಸಿ ಹುಳುಗಳೆಲ್ಲವೂ ಏಕಕಾಲದಲ್ಲಿ ಹಣ್ಣಾಗುವಂತೆ ಮಾಡುವ ಪದ್ಧತಿಯೂ ಇಂದು ರೇಷ್ಮೆ ಕೃಷಿಯಲ್ಲಿ ಬಳಕೆಗೆ ಬಂದಿವೆ.

ಹುಳುವಿನ ವಿಷಯವನ್ನು ಇಷ್ಟು ವಿಸ್ತರಿಸಿ ಹೇಳಿದುದಕ್ಕೆ ಕಾರಣವುಂಟು. ವಯಸ್ಸೆಂಬುದನ್ನು ನಾವು ಸಾಮಾನ್ಯವಾಗಿ ಸಂವತ್ಸರಗಳ ಲೆಕ್ಕವೆಂದೇ ಭಾವಿಸುತ್ತೇವೆ. ಆದರೆ ಸಾಕಣೆಯ ಮನೆಯಲ್ಲಿ ಕಾಣುವ ಸತ್ಯ ಬೇರೆ. ಅಲ್ಲಿ ವಯಸ್ಸು ದೇಹದೊಳಗಿನ ದ್ರವ್ಯಗಳಿಂದ ನಿಯತವಾದ ಒಂದು ಸ್ಥಿತಿ, ಬಲ್ಲವನು ಓದಬಹುದಾದ ಸ್ಥಿತಿ, ಮಿತವಾದ ಅವಕಾಶದೊಳಗೆ ಹಿಂದುಮುಂದು ಮಾಡಲೂಬಹುದಾದ ಸ್ಥಿತಿ. ಮನುಷ್ಯನ ವಿಷಯದಲ್ಲಿಯೂ ಇದು ನಿಜವೇ ಎಂಬುದನ್ನು ಕಳೆದ ಎರಡು ದಶಕಗಳ ಜೀವವೈದ್ಯಕೀಯ ಸಂಶೋಧನೆ ಎರಡು ಕಡೆಗಳಿಂದ ಪರೀಕ್ಷಿಸುತ್ತ ಬಂದಿದೆ. ಒಂದು, ಎಲ್ಲರ ಕಣ್ಣಿಗೂ ಬೀಳುವಂತೆ ಮುಪ್ಪಾಗುವ ತೊಗಲು. ಇನ್ನೊಂದು, ಯಾರ ಕಣ್ಣಿಗೂ ಬೀಳದೆ ಕಪಾಲದ ಮರೆಯಲ್ಲಿ ಮುಪ್ಪಾಗುವ ಮಿದುಳು.

ಇವೆರಡೂ ಒಡಹುಟ್ಟಿದವೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ಗರ್ಭದಲ್ಲಿ ಮೂರನೆಯ ವಾರದ ಹೊತ್ತಿಗೆ ಭ್ರೂಣವು ಮೂರು ಪದರಗಳುಳ್ಳ ಒಂದು ಚಿಕ್ಕ ತಟ್ಟೆಯಾಗಿರುತ್ತದೆ. ಅದರ ಮೇಲ್ಪದರವು ನಡುವೆ ತಗ್ಗಿ, ಅಂಚುಗಳು ಮೇಲೆದ್ದು, ಒಂದನ್ನೊಂದು ಕೂಡಿ, ನಾಲ್ಕನೆಯ ವಾರ ಮುಗಿಯುವಷ್ಟರಲ್ಲಿ ಕೊಳವೆಯಾಗಿ ಒಳಕ್ಕೆ ಮುಚ್ಚಿಕೊಳ್ಳುತ್ತದೆ. ಒಳಗೆ ಸೇರಿದ ಕೊಳವೆಯಿಂದ ಮಿದುಳೂ ಮಿದುಳುಬಳ್ಳಿಯೂ ಉಂಟಾಗುತ್ತವೆ. ಹೊರಗುಳಿದ ಭಾಗ ನಮ್ಮ ಹೊರದೊಗಲಾಗುತ್ತದೆ. ಇಷ್ಟೇ ಅಲ್ಲ: ಕೊಳವೆ ಕೂಡಿಕೊಳ್ಳುವ ಆ ಏಣಿನಿಂದಲೇ ಕೆಲವು ಕೋಶಗಳು ಬೇರ್ಪಟ್ಟು, ಬೆಳೆಯುತ್ತಿರುವ ದೇಹದ ಉದ್ದಗಲಕ್ಕೂ ವಲಸೆ ಹೋಗಿ, ತೊಗಲಿನಲ್ಲಿ ನೆಲೆನಿಂತು ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುತ್ತವೆ. ಕೂಟಗಲ್ಲಿನ ರೈತನ ಎಣ್ಣೆಗೆಂಪು ಮೈಬಣ್ಣವೂ, ಮಿದುಳಿನ ಬಾಂಧವ್ಯವನ್ನು ತೊರೆದು ಹೊರಟ ಈ ಕೋಶಗಳ ಕೆಲಸವೇ. ಮೂರ್ಛೆರೋಗದ ಮಗುವನ್ನು ಪರೀಕ್ಷಿಸುವ ನುರಿತ ವೈದ್ಯನು ಮೊದಲು ಆ ಮಗುವಿನ ಅಂಗಿಯನ್ನು ತೆಗೆಸಿ ಮೈಮೇಲಿನ ಮಚ್ಚೆಗಳನ್ನೂ ಬಿಳಿ ಕಲೆಗಳನ್ನೂ ಹುಡುಕುವುದು ಈ ಸಂಬಂಧವನ್ನು ಬಲ್ಲುದರಿಂದ. ಮಿದುಳನ್ನು ಕೆಡಿಸುವ ಕೆಲವು ಆನುವಂಶಿಕ ರೋಗಗಳು ತಮ್ಮ ಗುರುತನ್ನು ತೊಗಲಿನ ಮೇಲೆ ಮುಂಚಿತವಾಗಿಯೇ ಬರೆದಿರುತ್ತವೆ.

ತೊಗಲಿನ ಮುಪ್ಪಿನಲ್ಲಿ ಎರಡು ಬಗೆ. ಕಾಲಕ್ರಮದಿಂದ ಬರತಕ್ಕದ್ದು ಒಂದು. ಬಿಸಿಲು, ಹೊಗೆ, ತಂಬಾಕು ಮುಂತಾದ ಹೊರಗಿನ ಆಘಾತಗಳಿಂದ ಬರತಕ್ಕದ್ದು ಇನ್ನೊಂದು. ಹೊರದೊಗಲು ಹುಳುವಿನಂತೆ ಒಮ್ಮೆಗೇ ಕಳಚಿ ಬೀಳದಿದ್ದರೂ ದಿನದಿನವೂ ಕಣಕಣವಾಗಿ ಉದುರುತ್ತ, ತಳದಿಂದ ಹೊಸ ಕೋಶಗಳು ಮೇಲೇರುತ್ತ, ಪ್ರಾಯದಲ್ಲಿ ಸುಮಾರು ನಾಲ್ಕು ವಾರಗಳಿಗೊಮ್ಮೆ ಹೊಸದಾಗುತ್ತದೆ. ಮುಪ್ಪಿನಲ್ಲಿ ಈ ನವೀಕರಣ ನಿಧಾನವಾಗುವುದರಿಂದಲೇ ಅಜ್ಜಿಯ ಕಾಲಿನ ಗಾಯ ಮೊಮ್ಮಗನ ಗಾಯದಷ್ಟು ಬೇಗ ಮಾಯುವುದಿಲ್ಲ. ಅದರ ಕೆಳಗಿನ ಒಳದೊಗಲಿನ ಗತಿ ಬೇರೆ. ಅಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ನೇಯ್ದಿಟ್ಟ ಕೊಲಾಜೆನ್ ಎಂಬ ಪ್ರೋಟೀನಿನ ಹುರಿಗಳು ತೊಗಲಿಗೆ ಬಿಗಿಯನ್ನು ಕೊಡುತ್ತವೆ. ಒಮ್ಮೆ ನೇಯ್ದ ಕೊಲಾಜೆನ್ನಿನ ಅರ್ಧಭಾಗ ಬದಲಾಗಬೇಕಾದರೆ ಸುಮಾರು 15 ವರ್ಷ ಹಿಡಿಯುತ್ತದೆ. ಆದುದರಿಂದ ಅಲ್ಲಿ ಆದ ಹಾನಿ ಬಹುಕಾಲ ಉಳಿಯುತ್ತದೆ.

ಬಿಸಿಲು ಈ ಹಾನಿಯನ್ನು ಹೇಗೆ ಮಾಡುತ್ತದೆಂಬುದನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫಿಶರ್ ಮತ್ತು ಆತನ ಸಹೋದ್ಯೋಗಿಗಳು 1996ರಲ್ಲಿ ಬಿಡಿಸಿ ತೋರಿಸಿದರು. ಅತಿನೇರಳೆ ಕಿರಣ ತಾಕಿದ ಕೆಲವೇ ಗಂಟೆಗಳೊಳಗೆ, ಮೈ ಸುಡುವ ಪ್ರಮಾಣಕ್ಕಿಂತ ಕಡಿಮೆಯಿದ್ದಾಗಲೂ ಸಹ, ಕೊಲಾಜೆನ್ನನ್ನು ಕತ್ತರಿಸುವ ಕಿಣ್ವಗಳು ತೊಗಲಿನಲ್ಲಿ ತಲೆಯೆತ್ತುತ್ತವೆ. ಕತ್ತರಿಸಿದ್ದನ್ನು ದೇಹ ಸರಿಪಡಿಸುತ್ತದಾದರೂ ಆ ದುರಸ್ತಿ ಪರಿಪೂರ್ಣವಲ್ಲ, ಮತ್ತು ವರ್ಷಾಂತರಗಳ ಅರೆಬರೆ ದುರಸ್ತಿಗಳ ಮೊತ್ತವನ್ನೇ ನಾವು ಸುಕ್ಕೆಂದು ಕರೆಯುತ್ತೇವೆ. 2012ರಲ್ಲಿ ಒಂದು ಪ್ರಸಿದ್ಧ ವೈದ್ಯ ಪತ್ರಿಕೆ ಪ್ರಕಟಿಸಿದ ಭಾವಚಿತ್ರದಲ್ಲಿ, 28 ವರ್ಷ ಸರಕುಗಾಡಿಯನ್ನು ಓಡಿಸಿದ 69 ವಯಸ್ಸಿನ ಚಾಲಕನೊಬ್ಬನ ಮುಖದ ಎಡಪಾರ್ಶ್ವ, ಎಂದರೆ ಕಿಟಕಿಯ ಕಡೆಗಿದ್ದ ಪಾರ್ಶ್ವ, ಬಲಪಾರ್ಶ್ವಕ್ಕಿಂತ ಎಷ್ಟೋ ವರ್ಷ ಮುದಿಯಾಗಿ ಕಾಣುತ್ತದೆ. ಒಂದೇ ಮುಖ, ಒಂದೇ ಜನ್ಮದಿನ. ಗಾಜನ್ನು ದಾಟಿ ಬರುವ ಉದ್ದಲೆಯ ಅತಿನೇರಳೆ ಕಿರಣ ಮಾತ್ರ ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ ಮತ್ತು ಆಗಸ್ಟಿನ ನಡುವಿನಲ್ಲೊಮ್ಮೆ, ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಇಂಥ ಬಿಸಿಲಲ್ಲಿ ಕಳೆ ಕೀಳುವ, ಸೊಪ್ಪು ಕೊಯ್ಯುವ ಜನರಿಗೆ ಮೆಲನಿನ್ ದೊಡ್ಡ ರಕ್ಷೆ. 1979ರಲ್ಲಿ ನಡೆದ ಒಂದು ಅಳತೆಯ ಪ್ರಕಾರ ಬಿಳಿಯರ ಹೊರದೊಗಲಿನ ಮೂಲಕ ಕಿರುಲೆಯ ಅತಿನೇರಳೆ ಕಿರಣದಲ್ಲಿ ಶೇಕಡ 24ರಷ್ಟು ಒಳಕ್ಕೆ ಇಳಿದರೆ, ಕಪ್ಪು ಜನರ ಹೊರದೊಗಲಿನ ಮೂಲಕ ಇಳಿಯುವುದು ಶೇಕಡ 7.4ರಷ್ಟು ಮಾತ್ರ. ನಮ್ಮ ಕಂದುಬಣ್ಣ ಇವೆರಡರ ನಡುವಣದು. ಆದುದರಿಂದ ನಮ್ಮ ಹೆಂಗಸರಲ್ಲಿ ಬಿಸಿಲಿನ ಮುಪ್ಪು ಸುಕ್ಕಾಗಿ ತಡವಾಗಿ ಬರುತ್ತದೆ, ಕೆನ್ನೆಯ ಬಂಗಾಗಿಯೂ ಬಣ್ಣದ ಏರುಪೇರಾಗಿಯೂ ಬೇಗ ಬರುತ್ತದೆ. ಸುಕ್ಕನ್ನೇ ಮುಖ್ಯ ಲಕ್ಷಣವೆಂದು ಎಣಿಸಿ ಬಿಳಿಯರ ತೊಗಲಿನ ಮೇಲೆ ಬರೆದ ಪಠ್ಯಗಳು ಇಲ್ಲಿಯ ಮುಖಗಳನ್ನು ಸರಿಯಾಗಿ ಓದಲಾರವು.

ಬಿಸಿಲಿನಷ್ಟು ಪ್ರಸಿದ್ಧವಲ್ಲದ ಇನ್ನೊಂದು ಹಾನಿಯನ್ನು ಈ ಸೀಮೆ ಚೆನ್ನಾಗಿ ಬಲ್ಲುದು. ರಾಮನಗರದ ಸುತ್ತಿನ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ, ಗೂಡಿನ ಅಂಟು ಬಿಡಲೆಂದು ಕಾಯಿಸಿದ ನೀರಿನ ತೊಟ್ಟಿಯೊಳಗೆ ದಿನವಿಡೀ ಬೆರಳಾಡಿಸುವ ಕೆಲಸಗಾರರ ಕೈ ಬಿಳಿಚಿ, ಬಿರಿದು, ಹುಣ್ಣಾಗುವುದುಂಟು. ಹೊರದೊಗಲಿನ ಮೇಲ್ತುದಿಯಲ್ಲಿರುವ ಕೊಬ್ಬಿನ ಪದರ ನೀರನ್ನು ಒಳಗೆ ಹಿಡಿದಿಟ್ಟು ಕ್ರಿಮಿಗಳನ್ನು ಹೊರಗಿಡತಕ್ಕದ್ದು. ಅದು ಬಿಸಿನೀರಿನಲ್ಲಿ ಕರಗಿಹೋದರೆ, ಅಥವಾ ಮುಪ್ಪಿನಲ್ಲಿ ತಾನಾಗಿ ತೆಳುವಾದರೆ, ತೊಗಲು ಉರಿಯೂತದ ಸಂಕೇತದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತದೆ. ಈ ಅಲ್ಪವಾದರೂ ನಿರಂತರವಾದ ಉರಿ ಹೃದಯಕ್ಕೂ ಮಿದುಳಿಗೂ ಕೇಡೆಂಬ ಅನುಮಾನ ಈಗ ಬಲವಾಗುತ್ತಿದೆ. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್‌ಫ್ರಾನ್ಸಿಸ್ಕೋ ಶಾಖೆಯವರು 33 ಮಂದಿ ವೃದ್ಧರ ಮೈಗೆ ತೊಗಲಿನ ಕೊಬ್ಬನ್ನು ಹೋಲುವ ಲೇಪವನ್ನು ದಿನಕ್ಕೆ ಎರಡಾವೃತ್ತಿ, ಒಂದು ತಿಂಗಳು, ಹಚ್ಚಿಸಿ ನೋಡಿದಾಗ ರಕ್ತದಲ್ಲಿಯ ಆ ದ್ರವ್ಯಗಳು ತಗ್ಗಿದುದು ಕಂಡಿತು. ಪ್ರಯೋಗ ಚಿಕ್ಕದು; ಅದರ ಮೇಲೆ ದೊಡ್ಡ ಮಾತನ್ನು ಕಟ್ಟಲಾಗದು. ಆದರೂ ಮುದುಕರ ಮೈಗೆ ಎಣ್ಣೆ ನೀವುವುದು ಬರಿಯ ಶೃಂಗಾರವಲ್ಲವೆಂಬಷ್ಟನ್ನು ಅದು ಹೇಳುತ್ತದೆ, ಮತ್ತು ಬಿಚ್ಚಾಣಿಕೆಯ ಕೆಲಸಗಾರರ ಕೈ ಕೂಲಿಯ ಪ್ರಶ್ನೆಯೊಡನೆ ಆರೋಗ್ಯದ ಪ್ರಶ್ನೆಯೂ ಹೌದೆಂದು ನೆನಪಿಸುತ್ತದೆ.

ಇನ್ನು ಕಾಲಕ್ರಮದ ಮುಪ್ಪನ್ನು ಹಿಂದಕ್ಕೆ ತಿರುಗಿಸುವ ಸಾಹಸದ ಮಾತು. ಜಪಾನಿನ ಶಿನ್ಯ ಯಮನಾಕ 2006ರಲ್ಲಿ ಇಲಿಯ, ಮರುವರ್ಷ ಮನುಷ್ಯನ, ತೊಗಲಿನ ಕೋಶಗಳೊಳಕ್ಕೆ ನಾಲ್ಕೇ ನಾಲ್ಕು ಜೀನುಗಳನ್ನು ಸೇರಿಸಿ, ಅವು ತಮ್ಮ ವೃತ್ತಿಯನ್ನು ಮರೆತು ಭ್ರೂಣದ ಆದಿಮ ಕೋಶಗಳಂತಾಗುವುದನ್ನು ತೋರಿಸಿ 2012ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಭಾಜನನಾದ. 2013ರಲ್ಲಿ ಸ್ಟೀವ್ ಹೊರ್ವಾತ್ ಎಂಬಾತ ಡಿಎನ್‌ಎಯ ಮೇಲೆ 353 ನಿಯತ ಸ್ಥಾನಗಳಲ್ಲಿ ಅಂಟಿಕೊಂಡಿರುವ ರಾಸಾಯನಿಕ ಗುರುತುಗಳನ್ನು ಎಣಿಸಿ ಕೋಶದ ವಯಸ್ಸನ್ನು ಹೇಳುವ ಗಣಿತವನ್ನು ಕಂಡುಹಿಡಿದ. ಈ ಎರಡೂ ಕೂಡಿದಲ್ಲಿ ಒಂದು ಸೋಜಿಗ ಹುಟ್ಟಿತು. ಯಮನಾಕನ ಕ್ರಿಯೆಗೆ ಸುಮಾರು 50 ದಿನ ಬೇಕು; ಅದನ್ನು ಕೊನೆಮುಟ್ಟಿಸದೆ 13ನೆಯ ದಿನಕ್ಕೇ ನಿಲ್ಲಿಸಿದರೆ ಏನಾಗುವುದೆಂದು ಇಂಗ್ಲೆಂಡಿನ ಬಾಬ್ರಾಹಂ ಸಂಸ್ಥೆಯ ದಿಲ್ಜೀತ್ ಗಿಲ್, ವುಲ್ಫ್ ರೈಕ್ ಮುಂತಾದವರು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ನಡುವಯಸ್ಸಿನವರಿಂದ ಪಡೆದ ಆ ತೊಗಲಿನ ಕೋಶಗಳು ತಾವು ತೊಗಲಿನ ಕೋಶಗಳೆಂಬುದನ್ನು ಕ್ಷಣಕಾಲ ಮರೆತು ಮತ್ತೆ ನೆನಪಿಸಿಕೊಂಡವು. ಆದರೆ ಹೊರ್ವಾತನ ಬಗೆಯ ಗಣಿತದ ಪ್ರಕಾರ ಸುಮಾರು 30 ವರ್ಷ ಕಿರಿಯವಾಗಿದ್ದವು. ಕೊಲಾಜೆನ್ನನ್ನು ಹೆಚ್ಚಾಗಿ ನೇಯ್ದವು, ಗಾಜಿನ ತಟ್ಟೆಯ ಮೇಲೆ ಗೀರಿದ ಅಂತರವನ್ನು ಚುರುಕಾಗಿ ತುಂಬಿದವು.

ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕೆಂದು ನನ್ನ ಪ್ರಾರ್ಥನೆ. ಇದೆಲ್ಲವೂ ನಡೆದದ್ದು ತಟ್ಟೆಯೊಳಗೆ, ಮನುಷ್ಯನ ಮೈಮೇಲಲ್ಲ. ಯಮನಾಕನ ನಾಲ್ಕು ಜೀನುಗಳಲ್ಲಿ ಕ್ಯಾನ್ಸರಿಗೆ ನೆರವಾಗಬಲ್ಲವೂ ಇವೆ. ಇಷ್ಟಿದ್ದರೂ ತಾರುಣ್ಯವನ್ನು ಮರಳಿಸುವುದಾಗಿ ಹೇಳಿಕೊಳ್ಳುವ ಲೇಪಗಳು ಹಳ್ಳಿಯ ಸಂತೆಯವರೆಗೂ ಬಂದಿವೆ, ಮತ್ತು ಅವುಗಳಿಗಿಂತ ಕ್ರೂರವಾದ ಇನ್ನೊಂದು ವ್ಯಾಪಾರ ನಮ್ಮ ಹೆಣ್ಣುಮಕ್ಕಳ ಮುಖದ ಮೇಲೆ ನಡೆಯುತ್ತ ಬಂದಿದೆ. ಬಂಗು ಹೋಗಲೆಂದು, ಬಣ್ಣ ತಿಳಿಯಾಗಲೆಂದು, ಸ್ಟಿರಾಯ್ಡ್ ಬೆರೆತ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಹಚ್ಚಿಕೊಳ್ಳುವವರ ತೊಗಲು ತೆಳುವಾಗಿ, ಕೆಂಪೇರಿ, ರಕ್ತನಾಳಗಳು ಮೇಲೆದ್ದು, ಇಪ್ಪತ್ತರ ಹರೆಯದಲ್ಲಿಯೇ ಮುಪ್ಪಿನ ಲಕ್ಷಣಗಳನ್ನು ತಾಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ನಿಯಮದ ಅಡಿಗೆ ತಂದದ್ದು ಸರಿಯಾದ ಕೆಲಸ. ಅದರ ಪಾಲನೆಯಲ್ಲಿ ಸಡಿಲು ತೋರುವುದು ಅಕ್ಷಮ್ಯವೆಂದು ನಾನು ಭಾವಿಸುತ್ತೇನೆ. ಬಿಸಿಲಿನ ಮುಪ್ಪಿಗೆ ಪ್ರಯೋಗದಿಂದ ದೃಢಪಟ್ಟ ಔಷಧಗಳೂ ಇಲ್ಲದಿಲ್ಲ: ಎ ಜೀವಸತ್ವದ ವಂಶದ ಟ್ರೆಟಿನೊಯಿನ್ ಎಂಬುದನ್ನು ಅಮೆರಿಕದ ಕ್ಲಿಗ್‌ಮನ್ 1986ರಲ್ಲಿಯೇ ಪರೀಕ್ಷಿಸಿ ತೋರಿಸಿದ್ದಾನೆ. ಆದರೆ ಅದೂ ವೈದ್ಯರ ಕಣ್ಣಳತೆಯಲ್ಲಿ ಬಳಸತಕ್ಕದ್ದು. ತಲೆಯ ಮೇಲಿನ ಟವೆಲ್ಲು, ಸೆರಗು, ತುಂಬುತೋಳಿನ ಅಂಗಿ, ನಡುಹಗಲಿನ ಬಿಡುವು ಇವಕ್ಕೆ ಯಾರ ಚೀಟಿಯೂ ಬೇಡ.

ತೊಗಲಿನ ಸಹೋದರನಾದ ಮಿದುಳಿನ ಕಡೆಗೆ ಬಂದರೆ, ಅಲ್ಲಿ ಮುಪ್ಪನ್ನು ತಿರುಗಿಸುವ ಮಾತು ಒತ್ತಟ್ಟಿಗಿರಲಿ, ಅದನ್ನು ಕಾಣುವುದೇ ಇಂದಿನ ಕಷ್ಟ. ಕಾಣಬೇಕಾದರೆ ನಕ್ಷೆ ಬೇಕು. ಜರ್ಮನಿಯ ಬ್ರಾಡ್ಮನ್ 1909ರಲ್ಲಿ ಸೂಕ್ಷ್ಮದರ್ಶಕದ ಅಡಿಯಲ್ಲಿ ಕೋಶಗಳ ಜೋಡಣೆಯ ವ್ಯತ್ಯಾಸವನ್ನು ನೋಡಿ ಮಿದುಳಿನ ಮೇಲ್ಪದರವನ್ನು ಪ್ರಾಂತ್ಯಗಳಾಗಿ ವಿಂಗಡಿಸಿ ಅಂಕಿಗಳನ್ನು ಕೊಟ್ಟ. ಆ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ. 2016ರಲ್ಲಿ ಅಮೆರಿಕದ ಗ್ಲಾಸರ್ ಮತ್ತು ಸಂಗಡಿಗರು, ಜೀವಂತ ಮನುಷ್ಯರ ಕಾಂತೀಯ ಪ್ರತಿಬಿಂಬಗಳಿಂದ, ಒಂದೊಂದು ಅರೆಮಿದುಳಿನಲ್ಲಿಯೂ 180 ಪ್ರಾಂತ್ಯಗಳನ್ನು ಗುರುತಿಸಿದರು. ಇವು ಸೀಮೆ ಹೋಬಳಿಗಳ ಗಡಿಗಳನ್ನು ತೋರುವ ನಕ್ಷೆಗಳು. ಯಾವ ನರಕೋಶ ಯಾವುದರೊಡನೆ ಕೂಡಿದೆಯೆಂಬ ಪ್ರತಿ ಮನೆಯ ಬಾಗಿಲನ್ನೂ ತೋರುವ ನಕ್ಷೆ ಬೇರೆಯೇ ಜಾತಿಯದು. 302 ನರಕೋಶಗಳುಳ್ಳ ಒಂದು ದುಂಡುಹುಳುವಿನ ಅಂಥ ನಕ್ಷೆ 1986ರಲ್ಲಿ ಸಿದ್ಧವಾಯಿತು. 1,39,255 ನರಕೋಶಗಳುಳ್ಳ ಹಣ್ಣಿನ ನೊಣದ ಪೂರ್ಣ ಮಿದುಳಿನ ನಕ್ಷೆ ಮುಗಿಯಲು 2024 ಬರಬೇಕಾಯಿತು.

ಈ ಕೆಲಸದ ಸ್ವರೂಪವನ್ನು ರಾಮನಗರದವರಿಗೆ ವಿವರಿಸುವುದು ಸುಲಭ. ಗೂಡಿನ ಎಳೆಯ ತುದಿಯನ್ನು ಪತ್ತೆಮಾಡಿ, ಅದು ಎಲ್ಲಿಯೂ ತುಂಡಾಗದಂತೆ, ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೂ ಬಿಚ್ಚಿಕೊಂಡು ಹೋಗುವುದು ಬಿಚ್ಚಾಣಿಕೆದಾರನ ಕೌಶಲ. ಸಾವಿರಾರು ಗೂಡುಗಳ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವ ಒಂದು ಮುದ್ದೆಯಲ್ಲಿ ಪ್ರತಿಯೊಂದು ಎಳೆಯನ್ನೂ ಹಾಗೆ ಹಿಂಬಾಲಿಸಬೇಕಾದ ಸ್ಥಿತಿ ನಕ್ಷೆಗಾರನದು. ಅದಕ್ಕಾಗಿ ಮಿದುಳಿನ ತುಣುಕನ್ನು ಕೂದಲ ಅಗಲದ ನೂರಾರು ಪಾಲಿನಲ್ಲಿ ಒಂದು ಪಾಲಿನಷ್ಟು ತೆಳುವಾದ ಸಹಸ್ರಾರು ಹಾಳೆಗಳಾಗಿ ಕೊಯ್ದು, ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಒಂದೊಂದರ ಚಿತ್ರವನ್ನೂ ತೆಗೆದು, ಹಾಳೆಯಿಂದ ಹಾಳೆಗೆ ಎಳೆಯ ಜಾಡನ್ನು ಗಣಕಯಂತ್ರದಿಂದ ಹಿಡಿಸುತ್ತಾರೆ. ಯಂತ್ರ ತಪ್ಪಿದಲ್ಲಿ ಮನುಷ್ಯರು ತಿದ್ದುತ್ತಾರೆ. 2025ರ ಏಪ್ರಿಲಿನಲ್ಲಿ ಇಲಿಯ ದೃಷ್ಟಿಪ್ರಾಂತ್ಯದ ಒಂದು ಘನ ಮಿಲಿಮೀಟರಿನಷ್ಟು ಭಾಗದ ನಕ್ಷೆ ಹೊರಬಂತು: ಸುಮಾರು 84,000 ನರಕೋಶಗಳು, 52 ಕೋಟಿಗೂ ಮಿಕ್ಕ ಸಂಧಿಗಳು. ಅದಕ್ಕೆ ಒಂದು ವರ್ಷ ಮುಂಚೆ ಹಾರ್ವರ್ಡ್ ಮತ್ತು ಗೂಗಲ್ ಸಂಸ್ಥೆಗಳವರು, ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯ ಮಿದುಳಿನ ಸುಮಾರು ಅಷ್ಟೇ ಗಾತ್ರದ ತುಣುಕಿನಲ್ಲಿ 57,000 ಕೋಶಗಳನ್ನೂ 15 ಕೋಟಿ ಸಂಧಿಗಳನ್ನೂ ಎಣಿಸಿದ್ದರು. ಮನುಷ್ಯನ ಇಡೀ ಮಿದುಳು ಇಂಥ ಹತ್ತು ಲಕ್ಷಕ್ಕೂ ಮೀರಿದ ತುಣುಕುಗಳ ಮೊತ್ತ, ಅದರಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ ಎಂಬುದನ್ನು ನೆನೆದರೆ, ಉಳಿದಿರುವ ದಾರಿಯ ಉದ್ದ ತಾನಾಗಿ ತಿಳಿದೀತು. ನಮ್ಮ ದೇಶದಲ್ಲಿಯೂ ಈ ದಿಕ್ಕಿನ ಕೆಲಸ ನಡೆದಿದೆ: ಮದರಾಸಿನ ಐಐಟಿಯವರು ಗರ್ಭಸ್ಥ ಶಿಶುವಿನ ಮಿದುಳಿನ 5,132 ಛೇದಗಳನ್ನು ಚಿತ್ರಿಸಿ ‘ಧರಣಿ’ಯೆಂಬ ಹೆಸರಿನ ನಕ್ಷಾಸಂಪುಟವನ್ನು 2024ರ ಡಿಸೆಂಬರಿನಲ್ಲಿ ಲೋಕಕ್ಕೆಲ್ಲ ತೆರೆದಿಟ್ಟರು.

ಆದರೆ ನಕ್ಷೆ ಯಾರ ಮಿದುಳಿನದು? ರೋಗಿಯ ಮಿದುಳು ಕುಗ್ಗಿದೆಯೇ, ಎಲ್ಲಿ ಕುಗ್ಗಿದೆಯೆಂದು ಹೇಳಬೇಕಾದರೆ ಒಂದು ಮಾದರಿ ಮಿದುಳಿನೊಡನೆ ಹೋಲಿಸಬೇಕು. ದಶಕಗಳಿಂದ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮಾದರಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಲ್ಲಿಯ ಜನರ ಪ್ರತಿಬಿಂಬಗಳಿಂದ ರೂಪುಗೊಂಡದ್ದು. 2019ರಲ್ಲಿ ಹೈದರಾಬಾದಿನ ಐಐಐಟಿಯವರು 100 ಮಂದಿ ಭಾರತೀಯರ ಮಿದುಳುಗಳಿಂದ ತಯಾರಿಸಿದ ಮಾದರಿ, ಎತ್ತರ ಅಗಲ ಗಾತ್ರಗಳಲ್ಲಿ ಪಾಶ್ಚಾತ್ಯ ಮಾದರಿಗಿಂತ ಕಿರಿದಾಗಿತ್ತು. ಬುದ್ಧಿಗೂ ಈ ಗಾತ್ರಕ್ಕೂ ಸಂಬಂಧವಿಲ್ಲ. ಆದರೆ ಆರೋಗ್ಯವಂತನಾದ ಭಾರತೀಯನ ಮಿದುಳನ್ನು ಪರಕೀಯ ಮಾದರಿಯ ಪಕ್ಕದಲ್ಲಿಟ್ಟು ಸೊರಗಿದೆಯೆಂದು ತಪ್ಪೆಣಿಸುವ ಅಪಾಯ ನಿಜವಾದದ್ದು. ಬೆಂಗಳೂರಿನ ನಿಮ್ಹಾನ್ಸಿನ ಭರತ್ ಹೊಳ್ಳ ಮತ್ತು ಸಂಗಡಿಗರು 2020ರಲ್ಲಿ ಇನ್ನೂ ಮುಂದೆ ಹೋಗಿ, ದೇಶದ ಬೇರೆ ಬೇರೆ ಕಡೆಗಳ 466 ಪ್ರತಿಬಿಂಬಗಳಿಂದ ಐದು ವಯೋಮಾನಗಳಿಗೆ ಐದು ಮಾದರಿಗಳನ್ನೂ, ಅವಕ್ಕೆ ಹೊಂದುವ ನಕ್ಷೆಗಳನ್ನೂ, ಅಂಥ ಮಾದರಿಗಳನ್ನು ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾದ ಗಣಕ ಸಾಧನವನ್ನೂ ಪ್ರಕಟಿಸಿದರು. ಬೆಲೆಯುಳ್ಳ ಕೆಲಸ. ಆದರೂ ಆ ಮಾಲೆ 6ರಿಂದ 60 ವರ್ಷದವರೆಗೆ ಮಾತ್ರ ವ್ಯಾಪಿಸಿದೆ. ಮರೆವಿನ ರೋಗಗಳು ಹೆಚ್ಚಾಗಿ ತಲೆದೋರುವುದು 60ರ ಆಚೆಗೆ.

ಆ ಕೊರತೆಯನ್ನು ತುಂಬುವ ದಾರಿಯಲ್ಲಿರುವ ಪ್ರಯತ್ನ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು, ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ನೇತೃತ್ವದಲ್ಲಿ, 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ವರ್ಷಗಳ ಪರ್ಯಂತ ಹಿಂಬಾಲಿಸುವ ಗುರಿಯನ್ನಿಟ್ಟುಕೊಂಡು 2018ರಲ್ಲಿ ಈ ಅಧ್ಯಯನವನ್ನು ತೊಡಗಿದರು. ರಕ್ತ, ಆನುವಂಶಿಕತೆ, ನೆನಪು, ನಡೆನುಡಿ, ಮಿದುಳಿನ ಪ್ರತಿಬಿಂಬ, ಎಲ್ಲವನ್ನೂ ಅದೇ ಜನರಲ್ಲಿ ಮತ್ತೆ ಮತ್ತೆ ಅಳೆಯುತ್ತಾರೆ. ಮಾವಿನ ತೋಪು, ರಾಗಿಯ ಹೊಲ, ರೇಷ್ಮೆಯ ಮನೆಗಳುಳ್ಳ ಆ ತಾಲ್ಲೂಕಿನ ಜೀವನ ಕೂಟಗಲ್ಲಿನದಕ್ಕಿಂತ ಬಹಳ ಭಿನ್ನವಲ್ಲ. ಆದುದರಿಂದ ಅಲ್ಲಿಯ ಫಲ ಇಲ್ಲಿಗೂ ಸಲ್ಲುವ ಸಂಭವ ಹೆಚ್ಚು. ನಕ್ಷೆಯಂತೆ ನೆನಪನ್ನು ಅಳೆಯುವ ಪರೀಕ್ಷೆಯೂ ಇಲ್ಲಿಯದೇ ಆಗಬೇಕು. ಅಕ್ಷರ ಕಲಿಯದ ಅಜ್ಜಿಗೆ ಗಡಿಯಾರದ ಚಿತ್ರ ಬರೆಯಿರೆಂದೋ ನೂರರಿಂದ ಏಳೇಳು ಕಳೆಯುತ್ತ ಬನ್ನಿರೆಂದೋ ಹೇಳಿ, ಆಕೆಗೆ ಅದು ಬಾರದಿದ್ದರೆ ಮರೆವಿನ ರೋಗವೆಂದು ಬರೆದುಕೊಳ್ಳುವುದು ಎಂಥ ಅನ್ಯಾಯವೆಂಬುದನ್ನು ಯೋಚಿಸಬೇಕು. ಆಕೆ ಸಂತೆಯ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲಳು, ಮೂರು ತಲೆಮಾರಿನ ನಂಟಸ್ತಿಕೆಯನ್ನು ಹೇಳಬಲ್ಲಳು, ಸೋಬಾನೆಯ ಪದಗಳನ್ನು ಸಾಲು ತಪ್ಪದೆ ಹಾಡಬಲ್ಲಳು. ಪರೀಕ್ಷೆ ಆಕೆಯ ಬದುಕಿನಿಂದ ಹುಟ್ಟಬೇಕು.

ನಮ್ಮ ಬದುಕು ಲೋಕಕ್ಕೆ ಹೊಸದನ್ನು ಕಲಿಸಬಲ್ಲುದೆಂಬುದಕ್ಕೆ ಸುವರ್ಣಾ ಅಲ್ಲಾಡಿ ಅವರ ಸಂಶೋಧನೆ ಸಾಕ್ಷಿ. ಮುಂದೆ ನಿಮ್ಹಾನ್ಸಿನಲ್ಲಿ ನರವೈದ್ಯ ಪ್ರಾಧ್ಯಾಪಕರಾದ ಅವರು ಹೈದರಾಬಾದಿನಲ್ಲಿದ್ದಾಗ 648 ಮಂದಿ ಮರೆವಿನ ರೋಗಿಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆಗಳನ್ನು ಆಡುವವರಲ್ಲಿ ರೋಗವು ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದೂ, ಅಕ್ಷರಸ್ಥರಲ್ಲದವರಲ್ಲಿಯೂ ಈ ವ್ಯತ್ಯಾಸವಿತ್ತೆಂದೂ 2013ರಲ್ಲಿ ಪ್ರಕಟಿಸಿದರು. ಶಾಲೆಯ ವಿದ್ಯೆಯಿಂದ ಬೇರ್ಪಡಿಸಿ ಭಾಷೆಯ ಪ್ರಭಾವವನ್ನು ಅಳೆಯುವುದು ಪಶ್ಚಿಮದಲ್ಲಿ ದುಸ್ತರ, ಇಲ್ಲಿ ಸಾಧ್ಯವಾಯಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕನ್ನಡ ಉರ್ದುಗಳೆರಡರಲ್ಲೂ ಚೌಕಾಸಿ ಮಾಡುತ್ತ ವಯಸ್ಸಾದವರು, ಶಾಲೆಯ ಮೆಟ್ಟಿಲನ್ನು ಹತ್ತದಿದ್ದರೂ, ಮಿದುಳಿಗೆ ಏನನ್ನು ಗಳಿಸಿಕೊಂಡಿರುವರೆಂಬುದು ಪರಿಶೀಲನೆಗೆ ಅರ್ಹವಾದ ವಿಷಯ.

ಮಿದುಳನ್ನು ಕೊಯ್ಯದೆ ಅದರ ರೋಗವನ್ನು ತಿಳಿಯಲು ತೊಗಲೇ ಕಿಟಕಿಯಾಗುತ್ತಿರುವುದು ಈ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಭಾಗ. ನಡುಕದ ರೋಗವಾದ ಪಾರ್ಕಿನ್ಸನ್ನಿನಲ್ಲಿ ಮಿದುಳಿನ ಕೋಶಗಳೊಳಗೆ ಕೂಡಿಕೊಳ್ಳುವ ಸಿನ್ಯೂಕ್ಲಿನ್ ಎಂಬ ಪ್ರೋಟೀನು ತೊಗಲಿನ ಸೂಕ್ಷ್ಮ ನರತಂತುಗಳಲ್ಲಿಯೂ ಕೂಡಿಕೊಳ್ಳುತ್ತದೆ. ಕುತ್ತಿಗೆ, ಮೊಣಕಾಲು, ಹರಡುಗಳ ಹತ್ತಿರ 3 ಮಿಲಿಮೀಟರ್ ಅಗಲದ ತೊಗಲಿನ ಚೂರುಗಳನ್ನು ತೆಗೆದು ನೋಡಿದ ಅಮೆರಿಕದ ಅಧ್ಯಯನವೊಂದು, 2024ರ ವರದಿಯ ಪ್ರಕಾರ, ಪಾರ್ಕಿನ್ಸನ್ ರೋಗಿಗಳಲ್ಲಿ ಶೇಕಡ 92.7 ಮಂದಿಯಲ್ಲಿಯೂ, ರೋಗವಿಲ್ಲದವರಲ್ಲಿ ಶೇಕಡ 3.3 ಮಂದಿಯಲ್ಲಿಯೂ ಅದನ್ನು ಕಂಡಿತು. ಯಮನಾಕನ ವಿದ್ಯೆಯಿಂದ ರೋಗಿಯ ತೊಗಲಿನ ಅಥವಾ ರಕ್ತದ ಕೋಶವನ್ನು ಆದಿಮಗೊಳಿಸಿ, ಅಲ್ಲಿಂದ ನರಕೋಶವನ್ನಾಗಿ ಬೆಳೆಸಿ, ಕಪಾಲದೊಳಗಿನ ಕೋಶದ ಪ್ರತಿನಿಧಿಯನ್ನು ತಟ್ಟೆಯಲ್ಲಿ ನೋಡುವುದೂ ಈಗ ಸಾಧ್ಯ. ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಈ ಮೂರು ಸಂಸ್ಥೆಗಳು ಕೂಡಿ, ಮನೋರೋಗಗಳು ತಲೆಮಾರುಗಳಲ್ಲಿ ಹರಿದುಬಂದ ನಮ್ಮ ಕುಟುಂಬಗಳ ಕೋಶಗಳಿಂದ ಈ ಬಗೆಯ ಅಧ್ಯಯನವನ್ನು ನಡೆಸುತ್ತಿವೆ. ಭ್ರೂಣದ ನಾಲ್ಕನೆಯ ವಾರದಲ್ಲಿ ಅಗಲಿದ ಸೋದರರು ಪ್ರಯೋಗಶಾಲೆಯಲ್ಲಿ ಮತ್ತೆ ಒಂದನ್ನೊಂದು ಗುರುತಿಸುತ್ತಿದ್ದಾರೆ.

ಇಷ್ಟೆಲ್ಲ ನಡೆದರೂ, ನಮ್ಮ ಊರುಗಳಲ್ಲಿ ಅರವತ್ತಕ್ಕೆ ಅರಳುಮರಳೆಂದು ಹೇಳಿ ಮುಗಿಸುವ ಅಭ್ಯಾಸ ಹೋಗಿಲ್ಲ. ದೇಶಾದ್ಯಂತ ನಡೆದ ಒಂದು ಸಮೀಕ್ಷೆಯ 2023ರ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇಕಡ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯ ಎಂಬ ರೋಗವಿದೆ; ಉಳಿದ ಶೇಕಡ 92.6 ಮಂದಿಗೆ ಇಲ್ಲವೆಂಬುದೂ ಅದರಿಂದಲೇ ಸಿದ್ಧವಾಗುವುದರಿಂದ, ಅದನ್ನು ವಯಸ್ಸಿನ ಸಹಜಧರ್ಮವೆನ್ನುವುದು ತಪ್ಪು. ಥೈರಾಯ್ಡಿನ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದ ಬಂದ ಮರೆವನ್ನು ಔಷಧದಿಂದ ತಗ್ಗಿಸಬಹುದು; ರಕ್ತದೊತ್ತಡವನ್ನೂ ಮಧುಮೇಹವನ್ನೂ ನಡುವಯಸ್ಸಿನಲ್ಲಿಯೇ ಹಿಡಿತದಲ್ಲಿಟ್ಟು ಮುಂದಿನ ಮರೆವಿನ ಅಪಾಯವನ್ನು ಕಡಿಮೆ ಮಾಡಬಹುದು. ನಿಮ್ಹಾನ್ಸಿನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಶ್ರಮದಿಂದ 1995ರಲ್ಲಿ ಸ್ಥಾಪಿತವಾದ ಮಿದುಳು ಭಂಡಾರವು, ಮರಣಾನಂತರ ಬಂಧುಗಳ ಒಪ್ಪಿಗೆಯಿಂದ ಮಿದುಳಿನ ದಾನವನ್ನು ಸ್ವೀಕರಿಸುತ್ತದೆ. ಅಲ್ಲಿಯ ಸಂಗ್ರಹಾಲಯದಲ್ಲಿ ಸಾಮಾನ್ಯ ಜನರು ನಿಜವಾದ ಮಿದುಳನ್ನು ಕೈಯಲ್ಲಿ ಮುಟ್ಟಿ ನೋಡಬಹುದು. ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದರೆ, ತಿಳಿದ ದಾರಿಯಲ್ಲಿ ದಿಕ್ಕು ತಪ್ಪಿದರೆ, ಕೈಯ ನಡುಕವನ್ನು ಸೆರಗಿನಲ್ಲಿ ಮುಚ್ಚಿಕೊಂಡರೆ, ಅವರನ್ನು ಗದರದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ನಿಮ್ಹಾನ್ಸಿನ ಸಹಯೋಗದೊಡನೆ ಕರ್ನಾಟಕ ಸರ್ಕಾರವು 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಯೋಜನೆಯ ಚಿಕಿತ್ಸಾಲಯಗಳು ಈಗ ಜಿಲ್ಲಾ ಆಸ್ಪತ್ರೆಗಳಿಗೂ ಬಂದಿವೆ.